ನಾಲ್ಕು ತಾಲೂಕಿಗೆ ಒಂದೇ ರೋಲರ್

ಸಾಮಾನು ಕಡಿಮೆಯಿದ್ದಷ್ಟೂ ಅದನ್ನು ಹಂಚುವ ಹಾಳೆ ದೊಡ್ಡದಾಗುತ್ತ ಹೋಗುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕಿನ ರಸ್ತೆ ಕೆಲಸದ ಮೇಲೆ ಓವರ್ಸಿಯರ್ ಆಗಿ ಸೈಕಲ್ ತುಳಿದು ಕಲಿತದ್ದು. ನಮ್ಮ ಆಫೀಸಿನಲ್ಲಿ ಇದ್ದದ್ದು ಒಂದು ರೋಲರು, ಒಂದು ಟ್ರಕ್ಕು, ಒಂದು ಜೀಪು, ಮತ್ತು ಎಂದೂ ಸಾಕಾಗದ ಸಿಮೆಂಟು. ಧಾರಾಳವಾಗಿ ಇದ್ದದ್ದು ಎರಡೇ: ಸಾಹೇಬರ ಬಣ್ಣದ ಪೆನ್ಸಿಲುಗಳು, ಮತ್ತು ಅವರ ಮಾತು ಕೇಳದ ಮಂದಿ. ಆ ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ ಅನ್ನಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಕೆಟ್ಟು ನಿಂತ ರೋಲರು

ನಮ್ಮ ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ, ಆದರೆ ನ್ಯಾಯದ ಹುಚ್ಚು ಬಹಳ. ಬಂದ ವಾರದಲ್ಲೇ ಗೋಡೆಗೆ ಒಂದು ಹಾಳೆ ಅಂಟಿಸಿದರು. ಸೋಮವಾರ ರೋಲರು ಇಂಡಿಯಲ್ಲಿ, ಮಂಗಳವಾರ ಸಿಂದಗಿಯಲ್ಲಿ, ಬುಧವಾರ ಮುದ್ದೇಬಿಹಾಳದಲ್ಲಿ, ಗುರುವಾರ ಬಾಗೇವಾಡಿಯಲ್ಲಿ. ಒಂದೊಂದು ತಾಲೂಕಿಗೆ ಒಂದೊಂದು ಬಣ್ಣ.

ರೋಲರ್ ನಡೆಸುವವನು ವಯಸ್ಸಾದ ಮನುಷ್ಯ, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ಇಂಡಿಯಿಂದ ಸಿಂದಗಿಗೆ ಹಾಳೆ ಮೇಲೆ ಎರಡು ಬೆರಳು, ರೋಲರಿಗೆ ಎರಡು ದಿನ ಅಂತ ಹೇಳಿದ. ಸಾಹೇಬರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ತಿಂಗಳು ರೋಲರು ಒಂದು ತಾಲೂಕಿನಿಂದ ಇನ್ನೊಂದಕ್ಕೆ ನಡೆದದ್ದೇ ನಡೆದದ್ದು. ತಿಂಗಳ ಕೊನೆಗೆ ನಾಲ್ಕೂ ತಾಲೂಕಿನ ಹಳೇ ರಸ್ತೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಹೊಸ ರಸ್ತೆಗಳಲ್ಲಿ ಖಡಿ ಕಲ್ಲು ಸುರಿದದ್ದು ಸುರಿದ ಹಾಗೇ ಇತ್ತು.

ಇಂಡಿ ತಾಲೂಕಿನ ಹೊರ್ತಿಯಲ್ಲಿ ಆ ಖಡಿ ಮೇಲೆ ನಡೆದು ಎತ್ತುಗಳು ಕುಂಟುತ್ತಿದ್ದವು. ಕಾಕಾ ಅಲ್ಲಿಗೆ ಬಂದವನೇ ರೋಲರ್ ಕೆಟ್ಟಿದೆ ಅಂತ ಆಫೀಸಿಗೆ ಚೀಟಿ ಕಳಿಸಿದ. ಆ ಚೀಟಿಗೆ ಸಹಿ ಹಾಕಿದವನು ನಾನು. ಕೆಟ್ಟ ರೋಲರು ಮುಂಜಾನೆಯಿಂದ ಸಂಜೆತನಕ ಹೊರ್ತಿಯಲ್ಲಿ ಓಡಾಡತೊಡಗಿತು. ಒಂಬತ್ತನೇ ದಿನ ಹೇಳದೆ ಕೇಳದೆ ಸಾಹೇಬರ ಜೀಪು ಬಂತು. ಮುಕ್ಕಾಲು ರಸ್ತೆ ಮುಗಿದಿತ್ತು. ಕಾಕಾ ರೋಲರ್ ನಿಲ್ಲಿಸಿದ, ಆದರೆ ಕೆಳಗೆ ಇಳಿಯಲಿಲ್ಲ. ಕೆಟ್ಟಿದೆ ಅಂದ ರೋಲರು ಹೇಗೆ ನಡೆಯುತ್ತಿದೆ ಅಂತ ಸಾಹೇಬರು ಕೇಳಿದರು.

"ಕೆಟ್ಟೈತ್ರಿ ಸಾಹೇಬ್ರ," ಅಂದ ಕಾಕಾ. "ಮುಂದ ಹೋಗ್ತೈತಿ, ಹಿಂದ ಬರ್ತೈತಿ. ಖರೆ ಹೊರ್ತಿ ಬಿಟ್ಟು ಹೋಗು ಅಂದ್ರ ಒಲ್ಲೆ ಅಂತೈತಿ."

ಅರ್ಧ ಮೋರಿ

ಬಾಗೇವಾಡಿ ತಾಲೂಕಿನ ಮಸೂತಿಯಲ್ಲಿ ಹಳ್ಳ ದಾಟಲು ಒಂದು ಮೋರಿ, ಅಂದರೆ ಸಣ್ಣ ಸೇತುವೆ, ಮಂಜೂರಾಗಿತ್ತು. ಅದಕ್ಕೆಂದೇ ಬಂದ ಸಿಮೆಂಟಿನಲ್ಲಿ ಅರ್ಧವನ್ನು ಸಾಹೇಬರು ಉಳಿದ ಮೂರು ತಾಲೂಕಿಗೆ ಹಂಚಿದರು. ಮುದ್ದೇಬಿಹಾಳದಲ್ಲಿ ಆಗ ಕಟ್ಟುವ ಕೆಲಸವೇ ಇರಲಿಲ್ಲ, ಆದರೂ ಅದರ ಪಾಲು ಅದಕ್ಕೆ ಹೋಯಿತು. ಅಲ್ಲಿ ಆ ಚೀಲಗಳು ಮಳೆಗೆ ನೆನೆದು ಚೀಲದೊಳಗೇ ಕಲ್ಲಾದವು. ಮಸೂತಿಗೆ ಬಂದದ್ದು ಬೇಕಾದದ್ದರ ಅರ್ಧ.

ಉಸುಕು ಹೆಚ್ಚು ಹಾಕಿ ಸರಿದೂಗಿಸಿರಿ ಅಂತ ಆಫೀಸಿನಿಂದ ಹುಕುಂ ಬಂತು. ನಾನು ಅದನ್ನು ಮೋರಿ ಕಟ್ಟುವ ಗೌಂಡಿಗೆ ಓದಿ ಹೇಳಿದೆ. ಅವನು ಅದೇ ಊರಿನವನು, ಮಾತು ಕಡಿಮೆ. ಕರಣಿ ಕೆಳಗಿಟ್ಟು, ಈ ಮೋರಿ ಮೇಲೆ ತನ್ನ ಊರಿನ ಸಾಲಿ ಹುಡುಗರು ಅಡ್ಡಾಡುತ್ತಾರೆ, ಉಸುಕಿನ ಮೋರಿ ಕಟ್ಟುವುದು ತನ್ನ ಅಪ್ಪನೂ ಕಲಿಸಿಲ್ಲ ಅಂದ. ನನಗೂ ಅದನ್ನು ಕಟ್ಟಿಸುವ ಮನಸ್ಸಿರಲಿಲ್ಲ. ನಿನಗೆ ಸರಿ ಕಂಡ ಹಾಗೆ ಮಾಡಪ್ಪ ಅಂದು ಸೈಕಲ್ ಹತ್ತಿದೆ.

ಹದಿನೈದು ದಿನ ಬಿಟ್ಟು ಸಾಹೇಬರ ಸಂಗಡ ಹೋಗಿ ನೋಡಿದರೆ ಮೋರಿ ಎದ್ದು ನಿಂತಿತ್ತು. ಗಟ್ಟಿಮುಟ್ಟಾದ, ಒಂದು ಬಿರುಕೂ ಇಲ್ಲದ ಮೋರಿ. ಅಗಲ ಮಾತ್ರ ರಸ್ತೆಯ ಅರ್ಧ. ಹುಡುಗರು ಪಾಟಿ ಚೀಲ ಹೊತ್ತು ದಾಟುತ್ತಿದ್ದರು, ಎಮ್ಮೆಗಳು ಒಂದರ ಹಿಂದೆ ಒಂದು ದಾಟುತ್ತಿದ್ದವು. ಜೀಪು ಮಾತ್ರ ಈಚೆ ದಂಡೆಗೇ ನಿಂತಿತು. ಸಾಹೇಬರು ಇಳಿದು, ಇದರ ಮೇಲೆ ತಾವು ಹೇಗೆ ದಾಟಬೇಕು ಅಂತ ಕೇಳಿದರು.

ಗೌಂಡಿ ರುಮಾಲು ಸರಿ ಮಾಡಿಕೊಂಡ. "ಸಿಮೆಂಟ್ ಅರ್ಧಾ ಕಳಿಸಿದ್ರಿ, ಮೋರಿ ಅರ್ಧಾ ಕಟ್ಟೇನ್ರಿ. ನೀವು ಜೀಪೂ ಅರ್ಧಾ ತಂದಿದ್ರ ಆರಾಮ ದಾಟತಿತ್ತು."

ಉಳಿದ ಸಿಮೆಂಟು ಮರುವಾರ ಬಂತು, ಹಾಳೆಯಲ್ಲಿ ಯಾವ ತಾಲೂಕಿನ ಬಣ್ಣವೂ ಇಲ್ಲದೆ.

ನಾಲ್ಕು ಮಂದಿಯ ತೆಗ್ಗು

ಹಲಸಂಗಿಯಿಂದ ನಲವತ್ತು ಹೆಣ್ಣುಮಕ್ಕಳ ಒಂದು ಗುಂಪು ಕೆಲಸಕ್ಕೆ ಬರುತ್ತಿತ್ತು. ಆ ಗುಂಪಿಗೆ ಒಬ್ಬ ಹಿರಿಯಾಕಿ ಇದ್ದಳು. ಹಣೆ ತುಂಬ ಕುಂಕುಮ, ಕೈಯಲ್ಲಿ ಸಲಿಕೆ. ನಾನು ಓವರ್ಸಿಯರ್ ಅಂತ ಕಾಗದದಲ್ಲಿತ್ತು, ಕೆಲಸ ನಡೆಸುತ್ತಿದ್ದವಳು ಅವಳು.

ಒಂದು ಸಣ್ಣ ಮೋರಿಯ ಬುನಾದಿಗೆ ತೆಗ್ಗು ತೋಡಬೇಕಾಗಿತ್ತು. ನಾಲ್ಕು ಮಂದಿ ಹಚ್ಚಿದರೆ ಹತ್ತು ದಿನ ಬೇಕು ಅಂತ ನಾನು ಬರೆದು ಕಳಿಸಿದೆ. ಸಾಹೇಬರು ಪೆನ್ಸಿಲಿನಿಂದ ಗುಣಾಕಾರ ಮಾಡಿ, ಹಾಗಾದರೆ ನಲವತ್ತೂ ಮಂದಿಯನ್ನು ಹಚ್ಚಿ ಒಂದೇ ದಿನದಲ್ಲಿ ಮುಗಿಸಿರಿ ಅಂತ ಅಪ್ಪಣೆ ಕಳಿಸಿದರು. ಮಧ್ಯಾಹ್ನ ಖುದ್ದಾಗಿ ನೋಡಲಿಕ್ಕೂ ಬಂದರು. ತೆಗ್ಗಿನಲ್ಲಿ ನಾಲ್ವರು ಅಗೆಯುತ್ತಿದ್ದರು. ಮೂವತ್ತಾರು ಮಂದಿ ಬೇವಿನ ನೆರಳಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು.

ಸಾಹೇಬರಿಗೆ ಸಿಟ್ಟು ಬಂತು. ಹಿರಿಯಾಕಿ ತೆಗ್ಗಿನಿಂದಲೇ ಉತ್ತರ ಕೊಟ್ಟಳು. ಇದು ನಾಲ್ಕು ಮಂದಿ ಹಿಡಿಸುವ ತೆಗ್ಗು, ಇದನ್ನು ಹಿಗ್ಗಿಸುವ ಹುಕುಂ ಬಂದರೆ ಎಲ್ಲರೂ ಇಳಿಯುತ್ತೇವೆ ಅಂದಳು. ಅದೆಲ್ಲ ಬೇಡ, ಈಗಲೇ ಎಲ್ಲರೂ ಇಳಿಯಿರಿ ಅಂದರು ಸಾಹೇಬರು. ಅವಳು ಎಲ್ಲರನ್ನೂ ಕರೆದಳು. ಒಬ್ಬೊಬ್ಬರಾಗಿ ಇಳಿದರು. ಹದಿನೈದನೆಯವಳು ಇಳಿಯುವ ಹೊತ್ತಿಗೆ ಸಲಿಕೆ ಎತ್ತಲು ಜಾಗವಿರಲಿಲ್ಲ. ಇಪ್ಪತ್ತೈದನೆಯವಳಿಗೆ ಕೈ ಎತ್ತಲೂ ಜಾಗವಿರಲಿಲ್ಲ. ಉಳಿದವರನ್ನು ಒತ್ತಿ ಒತ್ತಿ ಇಳಿಸಿಕೊಂಡರು. ತೆಗ್ಗಿನ ತುಂಬ ಬರೇ ತಲೆಗಳು ಕಾಣುತ್ತಿದ್ದವು.

ಕೆಲಸ ಶುರುಮಾಡಿ ಅಂದರು ಸಾಹೇಬರು, ದನಿ ಸ್ವಲ್ಪ ಇಳಿದಿತ್ತು.

"ಮಾಡ್ತೇವ್ರಿ," ಅಂದಳು ಹಿರಿಯಾಕಿ. "ಈ ಮೂಲ್ಯಾಗ ಇನ್ನೊಬ್ಬರಿಗೆ ಜಾಗಾ ಐತಿ. ನೀವೂ ಬರ್ರಿ, ಲಗೂನ ಮುಗೀತೈತಿ."

ಜೀಪಿನ ಕಾರಣ

ಜೀಪು ಬೇಕಾದವರು ಎರಡು ದಿನ ಮೊದಲೇ ಅರ್ಜಿ ಕೊಡಬೇಕು, ಯಾವ ಕಾಮಗಾರಿಗೆ ಅಂತ ಬರೆಯಬೇಕು ಅನ್ನುವುದು ಹೊಸ ಕಾನೂನು. ಹಲಸಂಗಿಯ ಅದೇ ಗುಂಪಿನಲ್ಲಿ ಒಬ್ಬಳು ದಿನ ತುಂಬಿದ ಬಸುರಿ ಇದ್ದಳು. ಬೇಡವೆಂದರೂ ಕೇಳದೆ ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ಮುಂಜಾನೆ ಖಡಿ ರಾಶಿಯ ಪಕ್ಕದಲ್ಲೇ ನೋವು ಶುರುವಾಯಿತು. ಸಾಹೇಬರು ಪ್ರವಾಸಿ ಬಂಗಲೆಯಲ್ಲಿ ನಾಷ್ಟಾ ಮಾಡುತ್ತಿದ್ದರು, ಜೀಪು ನಮ್ಮ ಹತ್ತಿರ ನಿಂತಿತ್ತು. ಅಪ್ಪಣೆಯಿಲ್ಲದೆ ಗಾಡಿ ತೆಗೆಯಲು ಡ್ರೈವರ್ ಹೆದರಿದ. ಬೈಗುಳ ನನಗಿರಲಿ, ನೀನು ನಡಿ ಅಂದೆ. ಇಂಡಿ ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಆರಾಮ. ಸಾಹೇಬರು ಆ ದಿನ ಎರಡು ಮೈಲಿ ನಡೆದು ಬಂದರು.

ಮೂರನೇ ದಿನ ನನಗೆ ಮೆಮೊ ಬಂತು: ಜೀಪನ್ನು ಯಾವ ಕಾಮಗಾರಿಗೆ ಬಳಸಲಾಯಿತು, ಅದರ ಪ್ರಗತಿ ಏನು, ಕೂಡಲೇ ತಿಳಿಸತಕ್ಕದ್ದು. ನಾನು ಚಂದದ ಅಕ್ಷರದಲ್ಲಿ ಬರೆದು ಕಳಿಸಿದೆ: "ಕಾಮಗಾರಿ, ಹೆರಿಗೆ. ಪ್ರಗತಿ, ಹೆಣ್ಣು ಮಗು. ಈ ವರ್ಷ ನಮ್ಮ ನಾಲ್ಕು ತಾಲೂಕಿನಲ್ಲಿ ಹೇಳಿದ ವೇಳೆಗೆ ಪೂರ್ಣಗೊಂಡ ಕಾಮಗಾರಿ ಇದೊಂದೇ."

ದೊಡ್ಡ ಸಾಹೇಬರ ತಪಾಸಣೆ

ನಾಲ್ಕೂ ತಾಲೂಕಿನಲ್ಲಿ ನಲವತ್ತು ನಲವತ್ತು ಆಳು ಕೆಲಸ ಮಾಡುತ್ತಿದ್ದಾರೆ ಅಂತ ನಮ್ಮ ಸಾಹೇಬರು ಮೇಲಕ್ಕೆ ಬರೆದಿದ್ದರು. ಇದ್ದದ್ದು ಹಲಸಂಗಿಯ ಆ ನಲವತ್ತು ಮಾತ್ರ. ಅಷ್ಟರಲ್ಲಿ ಬೆಂಗಳೂರಿನಿಂದ ದೊಡ್ಡ ಸಾಹೇಬರು ಒಂದೇ ದಿನದಲ್ಲಿ ನಾಲ್ಕೂ ಕಡೆ ನೋಡಲು ಬರುತ್ತಾರೆ ಅಂತ ತಂತಿ ಬಂತು.

ಉಪಾಯ ಹೂಡಿದವರು ನಮ್ಮ ಸಾಹೇಬರೇ. ಇಂಡಿಯಲ್ಲಿ ತಪಾಸಣೆ ಮುಗಿದ ಕೂಡಲೇ ಹೆಣ್ಣುಮಕ್ಕಳನ್ನು ಟ್ರಕ್ಕಿಗೆ ಹತ್ತಿಸಿ ಸಿಂದಗಿಗೆ ಓಡಿಸುವುದು, ಅಲ್ಲಿಂದ ಮುದ್ದೇಬಿಹಾಳ, ಅಲ್ಲಿಂದ ಬಾಗೇವಾಡಿ. ಟ್ರಕ್ಕು ಮುಂದೆ ಹೋಗುವ ತನಕ ದೊಡ್ಡ ಸಾಹೇಬರನ್ನು ತಿನ್ನಿಸುತ್ತ ಕೂಡಿಸುವುದು ನನ್ನ ಕೆಲಸ. ಇದು ನನ್ನಿಂದ ಆಗದು ಅಂದೆ. ಹಾಗಾದರೆ ನಿಮ್ಮನ್ನು ಎಲ್ಲಿಗೆ ವರ್ಗ ಮಾಡಿಸಬೇಕು ಅಂತ ನನಗೆ ಗೊತ್ತು ಅಂದರು. ಒಪ್ಪದೆ ಗತಿಯಿರಲಿಲ್ಲ. ಹಿರಿಯಾಕಿಗೆ ವಿಷಯ ತಿಳಿಸಿದಾಗ, ತಾನಾಗಿ ಏನೂ ಹೇಳುವುದಿಲ್ಲ, ಆದರೆ ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ ಅಂದಳು. ಹೇಳಬೇಡ ಅಂತ ನಾನೂ ಅನ್ನಲಿಲ್ಲ. ತಪಾಸಣೆಯ ದಿನದ ಹಾಜರಿಯನ್ನು ಮಾತ್ರ ಮುಂಜಾನೆಯೇ ನಲವತ್ತು ಹೆಸರಿಗೂ ಹಾಕಿಬಿಟ್ಟೆ.

ಇಂಡಿಯಲ್ಲಿ ಲಿಂಬಿ ಶರಬತ್ತು, ಸಿಂದಗಿಯಲ್ಲಿ ಮಂಡಕ್ಕಿ ಸುಸಲಾ ಮತ್ತು ಚಹಾ, ಮುದ್ದೇಬಿಹಾಳದಲ್ಲಿ ಶೇಂಗಾ ಹೋಳಿಗೆ ಊಟ. ಮೂರೂ ಕಡೆ ಎಲ್ಲ ಸುಸೂತ್ರವಾಗಿ ನಡೆಯಿತು. ಸಂಜೆ ಬಾಗೇವಾಡಿಯಲ್ಲಿ ದೊಡ್ಡ ಸಾಹೇಬರು ಸಾಲಿನ ಮುಂದೆ ನಡೆಯುತ್ತ ಹಿರಿಯಾಕಿಯ ಎದುರಿಗೆ ನಿಂತರು. ನಿಮ್ಮನ್ನು ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ ಅಂದರು.

"ನೋಡೀರಿ," ಅಂದಳು ಅವಳು. "ಮುಂಜಾನಿ ಇಂಡ್ಯಾಗ, ಆಮ್ಯಾಲೆ ಸಿಂದಗ್ಯಾಗ, ಊಟದ ಹೊತ್ತಿಗೆ ಮುದ್ದೇಬಿಹಾಳದಾಗ."

ನಮ್ಮ ಸಾಹೇಬರ ಕೈಯಲ್ಲಿದ್ದ ಬಣ್ಣದ ಹಾಳೆ ತಾನಾಗಿ ಮಡಚಿಕೊಂಡಿತು. ಹಾಗಾದರೆ ದಿನವಿಡೀ ಏನು ಕೆಲಸ ಮಾಡಿದಿರಿ ಅಂತ ದೊಡ್ಡ ಸಾಹೇಬರು ಕೇಳಿದರು. ಟ್ರಕ್ ಹತ್ತಿದೆವು, ಇಳಿದೆವು, ಅಷ್ಟೇ ಅಂದಳು. ನಮ್ಮ ಸಾಹೇಬರು ಗಡಬಡಿಸಿ, ಕೆಲಸವಿಲ್ಲ ಅಂದಮೇಲೆ ಇವತ್ತಿನ ಹಾಜರಿ ಹೊಡೆದು ಹಾಕಿರಿ ಅಂತ ನನಗೆ ಹೇಳಿದರು. ಹೊಡೆಯುವುದಿಲ್ಲ ಅಂದೆ. ಹಿರಿಯಾಕಿ ಒಂದು ಹೆಜ್ಜೆ ಮುಂದೆ ಬಂದಳು.

"ಕರಕೊಂಡು ತಿರುಗಿದವರು ನೀವು. ಈ ದೊಡ್ಡ ಸಾಹೇಬ್ರೂ ನಾಕೂ ತಾಲೂಕು ತಿರುಗ್ಯಾರ, ಅವರೂ ಒಂದು ಬುಟ್ಟಿ ಎತ್ತಿಲ್ಲ. ಅವರ ಹಾಜರಿನೂ ಹೊಡೀತೀರೇನು?"

ದೊಡ್ಡ ಸಾಹೇಬರು ನನ್ನ ಕೈಯಿಂದ ಹಾಜರಿ ಪುಸ್ತಕ ಇಸಿದುಕೊಂಡು ನಲವತ್ತು ಹೆಸರಿನ ಕೆಳಗೆ ತಮ್ಮ ಸಹಿ ಹಾಕಿದರು. ಇನ್ನು ಮುಂದೆ ಆಳು, ಸಾಮಾನು ಎಲ್ಲ ಒಂದೇ ಕಡೆ ಹಾಕಿ, ಒಂದು ಕೆಲಸ ಮುಗಿದ ಮೇಲೆ ಮುಂದಿನದಕ್ಕೆ ಹೋಗಬೇಕು ಅಂತ ಅಲ್ಲೇ ಬರೆದುಕೊಟ್ಟರು. ಆಮೇಲೆ ಮುಗುಳ್ನಕ್ಕು, ಹಾಗಾದರೆ ನನ್ನದೂ ಒಂದು ಹಾಜರಿ ಹಾಕಿಕೊಳ್ಳಬಹುದಲ್ಲವಾ ಅಂತ ಅವಳನ್ನೇ ಕೇಳಿದರು.

ಹಿರಿಯಾಕಿ ನಗಲಿಲ್ಲ.

"ನಿಮಗ ಅರ್ಧಾ ದಿನಾ ಹಾಕಬೇಕಾಗ್ತೈತ್ರಿ," ಅಂದಳು. "ಮುದ್ದೇಬಿಹಾಳಕ್ಕ ಬರೂ ಮುಂದ ತಾಳಿಕೋಟಿ ದಾಟಿದ ಮ್ಯಾಲೆ ನಿಮ್ಮ ಜೀಪು ನಮ್ಮ ಟ್ರಕ್ಕಿನ ಹಿಂದನ ಇತ್ತು. ನಲವತ್ತೂ ಮಂದಿ ಮ್ಯಾಲಿಂದ ನೋಡೇವಿ. ಬಾಯಿ ತಕ್ಕೊಂಡು ಮಲಗಿದ್ರಿ."