ಹಾವಿನ ಕೊಕ್ಕೆಗೆ ನೂರೆಂಟು ಕೊಕ್ಕೆ

ಗೇಟು ಮಾಡಿಕೊಟ್ಟರೆ ಗಿರಾಕಿ ಎರಡು ಮಾತಾಡಿ ಗೇಟು ಹೊತ್ತುಕೊಂಡು ಹೋಗುತ್ತಾನೆ. ಹಾವು ಎತ್ತುವ ಕೊಕ್ಕೆ ಮಾಡಿಕೊಟ್ಟರೆ ಹಾಗಲ್ಲ, ಅದರ ಹಿಂದೆ ಏನಾದರೊಂದು ನಡೆದೇ ತೀರುತ್ತದೆ. ಗಂಗಾವತಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ನನ್ನ ಕಸುಬು. ಸುತ್ತಲೂ ಭತ್ತದ ಗದ್ದೆ, ಗದ್ದೆಯ ತುಂಬ ಇಲಿ, ಇಲಿಯ ಹಿಂದೆ ಹಾವು, ಹಾವಿನ ಹಿಂದೆ ಬಡಿಗೆ ಹಿಡಿದ ಹತ್ತು ಮಂದಿ. ಹಾವನ್ನು ಕೊಲ್ಲದೆ ಎತ್ತಿ ದೂರ ಬಿಡುವ ವಿದ್ಯೆಯನ್ನು ಅರಣ್ಯ ಇಲಾಖೆಯ ಒಬ್ಬ ಗಾರ್ಡ್ ನನಗೆ ಕಲಿಸಿದರು. "ಕೊಕ್ಕಿ ಮಾತ್ರ ನೀವೇ ಮಾಡ್ಕೊಳ್ರಿ. ಕಬ್ಬಿಣ ನಿಮ್ಮ ಕಡೆ ಐತಿ, ನಮ್ಮ ಕಡೆ ಬರೇ ಅರ್ಜಿ ಅದಾವ" ಎಂದರು. ಅಲ್ಲಿಂದ ಶುರುವಾಯಿತು.

೧. ನಾಲ್ಕು ಕೆಜಿಯ ಕೊಕ್ಕೆ

ಮೊದಲನೆಯ ಕೊಕ್ಕೆಯನ್ನು ನಾನು ಗೇಟು ಮಾಡುವವನ ಬುದ್ಧಿಯಿಂದ ಮಾಡಿದೆ. ನನ್ನ ಅಂಗಡಿಯಿಂದ ಹೊರಟ ಮಾಲು ಬಾಗಬಾರದು, ತುಕ್ಕು ಹಿಡಿಯಬಾರದು, ಮೊಮ್ಮಕ್ಕಳ ಕಾಲಕ್ಕೂ ಬಾಳಿಕೆ ಬರಬೇಕು. ಐದಡಿಯ ದಪ್ಪ ಸರಳು ತೆಗೆದುಕೊಂಡು, ತುದಿ ಕಾಯಿಸಿ ಬಗ್ಗಿಸಿ, ಎರಡು ಸಲ ಬಣ್ಣ ಹೊಡೆದೆ. ತೂಕ ನಾಲ್ಕು ಕೆಜಿ ಇದ್ದೀತು.

ಮಾರನೆಯ ದಿನವೇ ನಮ್ಮ ಓಣಿಯ ನಿವೃತ್ತ ಮಾಸ್ತರರ ಮನೆಯಿಂದ ಕರೆ ಬಂತು. ನಡುಮನೆಯ ಶೋಕೇಸಿನ ಕೆಳಗೆ ಒಂದು ಕೇರೆ ಹಾವು ಸುರುಳಿ ಸುತ್ತಿ ಕೂತಿತ್ತು. ವಿಷವಿಲ್ಲದ ಬಡಪಾಯಿ. ಮಾಸ್ತರರು ಸೋಫಾದ ಮೇಲೆ ನಿಂತಿದ್ದರು. ನಾನು ಕೊಕ್ಕೆಯನ್ನು ಹಾವಿನ ಹೊಟ್ಟೆಯ ಕೆಳಗೆ ತೂರಿಸಲು ಹೋದೆ. ಭಾರಕ್ಕೆ ಕೈ ಜಾರಿತು. ಹೊಸದಾಗಿ ಹಾಕಿಸಿದ ಟೈಲ್ಸಿನ ಒಂದು ಕಲ್ಲು ಬಿರಿಯಿತು. ಕೊಕ್ಕೆಯನ್ನು ಹಿಂದಕ್ಕೆ ಎಳೆದೆ. ಹಿಂದಿನ ತುದಿ ಶೋಕೇಸಿನ ಗಾಜಿಗೆ ಬಡಿಯಿತು. ಒಳಗೆ ಅವರಿಗೆ ಬೀಳ್ಕೊಡುಗೆಯಲ್ಲಿ ಕೊಟ್ಟ ಫಲಕವಿತ್ತು, ಅದು ಎರಡು ಹೋಳಾಯಿತು. ಹಾವು ಮರ್ಯಾದೆಯಿಂದ ಎರಡು ಅಡಿ ಸರಿದು ನನಗೆ ಜಾಗ ಬಿಟ್ಟುಕೊಟ್ಟಿತು.

ಮಾಸ್ತರರು ಸೋಫಾದ ಮೇಲಿಂದಲೇ ಹೇಳಿದರು: "ತಮ್ಮಾ, ನೀ ಸ್ವಲ್ಪ ಹೊರಗ ನಿಂದ್ರು. ಹಾವು ಮುಂಜಾನಿಂದ ಮನ್ಯಾಗ ಐತಿ, ಇನ್ನೂ ಒಂದ ಸಾಮಾನು ಒಡದಿಲ್ಲ."

೨. ಪರದೆಯ ಪೈಪು

ಕೊಕ್ಕೆ ಹಗುರ ಇರಬೇಕು ಎಂಬ ಜ್ಞಾನೋದಯ ಹಾಗಾಯಿತು. ಹಗುರವಾದ, ಗಟ್ಟಿಯಾದ, ನಾಲ್ಕಡಿಯ ಪೈಪು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಮನೆಗೆ ಬಂದೆ. ಮಲಗುವ ಕೋಣೆಯ ಕಿಟಕಿಯ ಮೇಲೆಯೇ ಇತ್ತು. ಹೆಂಡತಿ ಕಿರಾಣಿ ಅಂಗಡಿಗೆ ಹೋದ ಸಮಯ ನೋಡಿ ಪರದೆ ಕಳಚಿ, ಪೈಪು ಬಿಚ್ಚಿಕೊಂಡು ಅಂಗಡಿಗೆ ಓಡಿದೆ. ತುದಿಗೆ ತೆಳು ಸರಳನ್ನು ಅಗಲವಾಗಿ ಬಗ್ಗಿಸಿ ಕೂಡಿಸಿದೆ. ಹಾವಿನ ಮೈಗೆ ತರಚದಂತೆ ಮೊನೆಯನ್ನು ಅರದಿಂದ ತಿಕ್ಕಿ ನುಣುಪು ಮಾಡಿದೆ. ಹಿಡಿಕೆಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದೆ. ನೋಡಿದರೆ ನನಗೇ ಮುದ್ದು ಬಂತು.

ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹಿತ್ತಲಲ್ಲಿ ಅದೇ ಕೊಕ್ಕೆಯಿಂದ ನುಗ್ಗೆಕಾಯಿ ಎಳೆಯುತ್ತಿದ್ದಳು. "ಪೈಪ್ ನನ್ನದು, ಬರೇ ಕೊಂಡಿ ನಿಮ್ಮದು" ಎಂದಳು. ಮಾತು ಬೆಳೆಸಿದರೆ ಊಟದ ಪ್ರಶ್ನೆ ಬರುತ್ತದೆ ಎಂದು ನಾನು ಕೆಳಗೆ ಬಿದ್ದ ನುಗ್ಗೆಕಾಯಿ ಆಯ್ದುಕೊಟ್ಟೆ. ಆಮೇಲೆ ಆ ಕೊಕ್ಕೆ ನಮ್ಮ ಮನೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಆಚೆ ಮನೆಗೆ ತಿರುಗಾಡತೊಡಗಿತು. ಒಂದು ಮಧ್ಯಾಹ್ನ ಪಕ್ಕದ ಮರಳಿ ಎಂಬ ಊರಿನಿಂದ ಫೋನು. ದನದ ಕೊಟ್ಟಿಗೆಯಲ್ಲಿ ನಾಗರ ಹಾವು ಸೇರಿದೆ, ಬೇಗ ಬರಬೇಕು ಎಂದು. ನಾನು ಬೈಕು ಶುರು ಮಾಡಿ, "ಏ, ಕೊಕ್ಕಿ ಎಲ್ಲೈತಿ?" ಎಂದು ಕೇಳಿದೆ.

ಹೆಂಡತಿ ಅಡುಗೆಮನೆಯಿಂದ ಆರಾಮವಾಗಿ ಉತ್ತರ ಕೊಟ್ಟಳು: "ಮೂಲಿ ಮನಿ ಅಕ್ಕ ಮಾವಿನಕಾಯಿ ಹರಿಯಾಕ ಒಯ್ದಾಳ. ಉಪ್ಪಿನಕಾಯಿ ಹಾಕಿ ಮುಗಿಸಿ ಕೊಡ್ತೀನಿ ಅಂದಾಳ. ಹಾವಿಗೆ ಸ್ವಲ್ಪ ಕುಂದ್ರಾಕ ಹೇಳ್ರಿ."

೩. ಅಳತೆ

ಕೊಕ್ಕೆ ಒಂದೇ ಇದ್ದರೆ ಸಾಲದು. ಎತ್ತಿದ ಹಾವನ್ನು ಹಾಕಲು ಚೀಲ ಬೇಕು. ಅದಕ್ಕೆ ಗಾಳಿಯಾಡುವ ದಪ್ಪ ಬಟ್ಟೆ, ಗಟ್ಟಿ ಹೊಲಿಗೆ, ಬಾಯಿಗೆ ಬಿಗಿಯಲು ಲಾಡಿ. ನಮ್ಮ ಅಂಗಡಿಯ ಎದುರು ಒಬ್ಬ ಟೇಲರ್ ಚಾಚಾ ಇದ್ದಾರೆ. ನಲವತ್ತು ವರ್ಷದಿಂದ ಊರಿನ ಅರ್ಧ ಗಂಡಸರ ಸೊಂಟದ ಗುಟ್ಟು ಅವರಿಗೆ ಗೊತ್ತು. ಅವರ ಬಳಿ ಹೋಗಿ ಒಂದು ಚೀಲ ಹೊಲಿದುಕೊಡಿ ಎಂದೆ.

"ಯಾರಿಗೆ?" ಎಂದರು.

"ಹಾವಿಗ್ರಿ ಚಾಚಾ."

ಚಾಚಾ ಹೊಲಿಗೆ ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಪುಸ್ತಕ ತೆಗೆದು, ಕಿವಿಯಿಂದ ಪೆನ್ಸಿಲ್ ಇಳಿಸಿ ಕೇಳಿದರು: "ಉದ್ದ ಎಷ್ಟು?"

"ಐದಡಿ ಹಿಡೀರಿ."

"ಸೊಂಟ?"

"ಚಾಚಾ, ಅದಕ್ಕ ಕುತಗಿಂದ ಬಾಲದ ತನಕಾ ಬರೇ ಸೊಂಟ."

ಚಾಚಾ ಪೆನ್ಸಿಲ್ ತುದಿಯಿಂದ ತಲೆ ಕೆರೆದುಕೊಂಡರು. "ಹಾಂಗಾದ್ರ ಪೈಜಾಮಾ ಲೆಕ್ಕ ಹಿಡೀತೀನಿ. ಒಂಟಿ ಕಾಲಿಂದು" ಎಂದು ಬರೆದುಕೊಂಡರು.

ಮೂರು ದಿನಕ್ಕೆ ಚೀಲ ತಯಾರಾಯಿತು. ಹೊಲಿಗೆ ಎರಡೆರಡು, ಲಾಡಿ ಭದ್ರ. ಆದರೆ ಪಕ್ಕದಲ್ಲಿ ಒಂದು ಜೇಬೂ ಇತ್ತು. ಹಾವಿಗೆ ಜೇಬು ಯಾಕೆ ಎಂದು ಕೇಳಿದರೆ, "ಕೈ ರೂಢಿ ಬೇಟಾ, ತಾನ ಹೊಲದಬಿಡ್ತು" ಎಂದರು. ನಾನು ಚೀಲ ಮಡಚಿ ಹೊರಟಾಗ ಹಿಂದಿನಿಂದ ಕರೆದು, ತೀರಾ ಗಂಭೀರವಾಗಿ ಹೇಳಿದರು: "ನೋಡು, ಬಿಗಿ ಆದ್ರ ನೀನ ಬಂದು ಹೇಳು, ಬಿಚ್ಚಿ ಕೊಡ್ತೀನಿ. ಟ್ರಯಲ್‌ಗಂತ ಗಿರಾಕಿನ ಅಂಗಡಿಗೆ ಕರ್ಕೊಂಡ ಬರಬ್ಯಾಡ."

೪. ಹದಿನೈದು ಅಡಿ

ಕಾರಟಗಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ನನ್ನ ಕೊಕ್ಕೆಯ ಸುದ್ದಿ ಕೇಳಿ ಫೋನು ಮಾಡಿದರು. ಗಿರಣಿಯಲ್ಲಿ ಇಲಿ ಹೆಚ್ಚು, ಹಾಗಾಗಿ ಹಾವಿನ ಓಡಾಟವೂ ಹೆಚ್ಚು. "ನಂಗೂ ಒಂದು ಮಾಡಿಕೊಡ್ರಿ. ಹದಿನೈದು ಅಡಿ ಇರಲಿ" ಎಂದರು.

"ಅಷ್ಟು ಉದ್ದ ಇದ್ರ ಹಿಡಿತ ಸಿಗಂಗಿಲ್ರಿ. ನಾಲ್ಕಡಿ ಸಾಕು. ಹಿಡಿಯಾಕ ಕಲಿತವ್ರು ಬೇಕ್ರಿ ಅಷ್ಟ" ಎಂದೆ.

"ನಾಲ್ಕಡಿ ನಿಮ್ಮ ಧೈರ್ಯ. ಹದಿನೈದು ನಂದು" ಎಂದರು ಸಾಹುಕಾರರು.

ಮಾಡಿದೆ. ಟಂಟಂ ಗಾಡಿಯ ತಲೆಗೆ ಕಟ್ಟಿಕೊಂಡು ಹೋಗಿ ಮುಟ್ಟಿಸಿದೆ. ನನ್ನ ಪುಣ್ಯವೋ ಅವರ ಪಾಪವೋ, ಅದೇ ಹೊತ್ತಿಗೆ ಅಂಗಳದ ಖಾಲಿ ಚೀಲಗಳ ಮೇಲೆ ಒಂದು ಕೇರೆ ಹಾವು ಬಿಸಿಲು ಕಾಯಿಸುತ್ತಿತ್ತು. ನಾನು ಮುಂದೆ ಹೋಗುವಷ್ಟರಲ್ಲಿ ಸಾಹುಕಾರರು ತಡೆದರು. "ನೀವು ನಿಂದ್ರಿ, ಮಾಲು ತೊಗೊಂಡವ್ನು ನಾನು." ತಮ್ಮ ಕ್ಯಾಬಿನ್ನಿನೊಳಗೆ ಹೋಗಿ, ಬಾಗಿಲಿಗೆ ಚಿಲಕ ಹಾಕಿ, ಕಿಟಕಿಯಿಂದ ಕೊಕ್ಕೆಯನ್ನು ಹೊರಗೆ ಚಾಚಿದರು. ಅಚ್ಚರಿಯೆಂದರೆ ಹಾವು ಕೊಕ್ಕೆಗೆ ಬಂತು. ಸಾಹುಕಾರರು ಮೇಲೆತ್ತಿದರು. ಹಮಾಲರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

ಕೇರೆ ಹಾವಿಗೆ ಗಿಡ ಹತ್ತುವುದು ಹೊಸದಲ್ಲ. ಅದು ಒಂದು ಸಲ ಆ ಕಡೆ ನೋಡಿತು, ಒಂದು ಸಲ ಈ ಕಡೆ ನೋಡಿತು, ಆಮೇಲೆ ಪೈಪಿನ ಗುಂಟ ನೆಟ್ಟಗೆ ಕ್ಯಾಬಿನ್ನಿನ ಕಡೆ ಹೊರಟಿತು. ಸಾಹುಕಾರರು ಪೈಪು ಕೈಬಿಟ್ಟು ಕಿಟಕಿ ಮುಚ್ಚಿದ ಸದ್ದು ಗಿರಣಿಯ ಆಚೆಗೂ ಕೇಳಿಸಿರಬೇಕು. ನಾನು ನನ್ನ ನಾಲ್ಕಡಿಯ ಕೊಕ್ಕೆಯಲ್ಲಿ ಹಾವನ್ನು ಎತ್ತಿ ಚೀಲಕ್ಕಿಳಿಸಿ ಲಾಡಿ ಕಟ್ಟಿದೆ.

ಸ್ವಲ್ಪ ಹೊತ್ತಿಗೆ ಕಿಟಕಿ ನಾಲ್ಕು ಬೆರಳಿನಷ್ಟು ತೆರೆಯಿತು. ಒಳಗಿನಿಂದ ಸಾಹುಕಾರರ ದನಿ ಬಂತು: "ಕೊಕ್ಕಿ ಛಲೋ ಆಗೇತಿ. ಹೆಂಗೂ ನಿಮ್ಮ ಕಸುಬು ಅದ ಅಲ್ರಿ, ಏಳನೇ ಅಡಿಗೆ ಒಂದು ಗೇಟ್ ಕೂಡಿಸಿ ಕೊಡ್ರಿ."

೫. ಕಡತದ ಹಾವು

ಒಂದು ಸರ್ಕಾರಿ ಕಚೇರಿ. ಯಾವ ತಾಲೂಕು ಎಂದು ಹೇಳುವುದಿಲ್ಲ, ನನ್ನದೂ ಅಲ್ಲೊಂದು ಅರ್ಜಿ ಇದೆ. ದಾಖಲೆ ಕೋಣೆಯಲ್ಲಿ ಹಾವು ಹೊಕ್ಕಿದೆ ಎಂದು ಕರೆದರು. ಹೋದಾಗ ಗುಮಾಸ್ತರೆಲ್ಲ ಅಂಗಳದ ಬೇವಿನ ಗಿಡದ ಕೆಳಗಿದ್ದರು. ಅದು ಹಾವಿಗಾಗಿಯೋ ಚಹಾಕ್ಕಾಗಿಯೋ ತಿಳಿಯಲಿಲ್ಲ. ಬಾಗಿಲ ಬಳಿ ಮಾತ್ರ ಒಬ್ಬ ರೈತರು ನಿಂತಿದ್ದರು. ಎರಡು ವರ್ಷದಿಂದ ಅವರ ಹೊಲದ ಫೈಲು "ಸಿಗವಲ್ದು" ಎಂದು ತಿರುಗಾಡಿಸುತ್ತಿದ್ದರಂತೆ.

ಒಳಗೆ ಕಪಾಟುಗಳ ಹಿಂದೆ ಹಾವಿನ ಬಾಲ ಕಂಡಿತು. ಒಳಗಿನ ಫೈಲುಗಳ ಗಂಟು ಇಳಿಸಿ ಕಪಾಟು ಸರಿಸದೆ ಕೊಕ್ಕೆ ಹೋಗುವಂತಿರಲಿಲ್ಲ. ಗುಮಾಸ್ತರಿಗೆ ಬೇರೆ ದಾರಿ ಉಳಿಯಲಿಲ್ಲ, ಬಾಗಿಲ ಹೊರಗೆ ನಿಂತು ಯಾವ ಗಂಟು ಎಲ್ಲಿಡಬೇಕು ಎಂದು ಹೇಳುತ್ತ ಹೋದರು. ನಾನು ಒಂದೊಂದೇ ಗಂಟನ್ನು ಕೊಕ್ಕೆಯಿಂದ ಎಳೆದು ಹೊರಗೆ ಹಾಕಿದೆ. ಹನ್ನೊಂದನೆಯ ಗಂಟು ಬಿಚ್ಚಿಕೊಂಡಿತು. ಮೇಲಿದ್ದ ಫೈಲಿನ ಹೆಸರನ್ನು ರೈತರು ಓದಿದರು. ಅವರದೇ. ಎದೆಗೆ ಅವಚಿಕೊಂಡು ಅಲ್ಲೇ ಕೂತುಬಿಟ್ಟರು. ಕಣ್ಣು ಒದ್ದೆಯಾಗಿತ್ತು. ನಾನು ಹನ್ನೆರಡನೆಯ ಗಂಟಿಗೆ ಕೊಕ್ಕೆ ಹಾಕಿದೆ.

ಕೊನೆಗೆ ಹಾವೂ ಸಿಕ್ಕಿತು, ಚೀಲಕ್ಕೆ ಬಂತು. ಹೊರಟಾಗ ಆ ರೈತರು ನನ್ನ ಅಂಗಿ ಹಿಡಿದು ಪಕ್ಕಕ್ಕೆ ಕರೆದರು. ಪಿಸುದನಿಯಲ್ಲಿ, "ಇದನ್ನ ಎಲ್ಲಿ ಒಯ್ತೀರಿ? ಇಲ್ಲೇ ಬಿಡ್ರಿ ಅಣ್ಣಾರ. ನಮ್ಮೂರಿನವು ಇನ್ನೂ ಮೂರು ಫೈಲ್ ಸಿಗಬೇಕಾಗ್ಯಾವ" ಎಂದರು.

೬. ಒಬ್ಬ ಧೈರ್ಯವಂತ

ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ, ಮನೆಯಲ್ಲೇ ಕೊಕ್ಕೆ ಮಾಡುವುದು ಹೇಗೆ, ಹಾವು ಕಂಡರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿಕೊಡಲು ನನ್ನನ್ನು ಕರೆದಿದ್ದರು. ಸಮುದಾಯ ಭವನ ತುಂಬ ಜನ. ಮುಂದಿನ ಸಾಲಿನಲ್ಲಿ ಮಹಿಳಾ ಸಂಘದವರು, ಅವರ ಮಡಿಲಲ್ಲಿ ಕೂಸುಗಳು. ಊರಿನ ಪಂಚಾಯ್ತಿ ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಹಾವು ಒಂದು ಸಲ ಬಂತು, ರಸ್ತೆ ಕಾಮಗಾರಿ ಹದಿನಾಲ್ಕು ಸಲ.

ನಾನು ಆಟಿಕೆ ಅಂಗಡಿಯಿಂದ ತಂದ ರಬ್ಬರಿನ ಹಾವನ್ನು ಚೀಲದಿಂದ ತೆಗೆದು ವೇದಿಕೆಯ ಮೇಲೆ ಹಾಕಿದೆ. ಮೊದಲು ಒಂದಿಷ್ಟು ಗದ್ದಲವಾಯಿತು. ರಬ್ಬರು ಎಂದು ತಿಳಿದ ಮೇಲೆ ನಗು. ಕೊಕ್ಕೆಯಿಂದ ಎತ್ತಿ ತೋರಿಸಿದೆ, ಚೀಲಕ್ಕೆ ಇಳಿಸಿ ತೋರಿಸಿದೆ. ಚಪ್ಪಾಳೆ ಬಿತ್ತು.

ಆಗ ವೇದಿಕೆಯ ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಬ್ಯಾನರುಗಳ ಒಳಗಿಂದ ನಿಜವಾದ ನಾಗರ ಹಾವು ಹೊರಬಂತು. ನೆರೆದವರ ಸದ್ದಿಗೆ ಹೆದರಿ ಹೆಡೆ ಎತ್ತಿ ನಿಂತಿತು. ನಾನು ಮೈಕಿನಲ್ಲಿ, "ಇದು ಖರೇ ಹಾವು. ಗದ್ದಲ ಮಾಡದ ನಿಧಾನಕ್ಕ ಹಿಂದ ಸರೀರಿ" ಎಂದೆ. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. "ಎರಡನೇದು ಮಸ್ತ್ ಐತಿ, ಬ್ಯಾಟರಿ ಮ್ಯಾಲ ನಡಿತೈತಿ ನೋಡು" ಎಂದು ಯಾರೋ ಅಂದರು. ಮುಂದಿನ ಸಾಲಿನ ಒಬ್ಬ ಅವ್ವ ಕೂಸಿಗೆ ಚೆನ್ನಾಗಿ ಕಾಣಲಿ ಎಂದು ಎರಡು ಹೆಜ್ಜೆ ಮುಂದೆಯೇ ಬಂದಳು.

ಮತ್ತೆ ಕೂಗಿದರೆ ಮತ್ತೆ ಚಪ್ಪಾಳೆ ತಟ್ಟುತ್ತಾರೆ. ಮೈಕು ಕೆಳಗಿಟ್ಟು, ಆ ಅವ್ವನಿಗೂ ಹಾವಿಗೂ ನಡುವೆ ಹೋಗಿ ನಿಂತೆ. ಕೊಕ್ಕೆಯನ್ನು ನೆಲದ ಗುಂಟ ನಿಧಾನವಾಗಿ ಸರಿಸಿ, ಮೈ ಕೆಳಗೆ ತೂರಿಸಿ, ಎತ್ತಿ, ದೂರದಿಂದಲೇ ಚೀಲದ ಬಾಯಿಗೆ ಇಳಿಸಿದೆ. ಲಾಡಿ ಬಿಗಿದು ಎರಡು ಗಂಟು ಹಾಕಿದೆ. ಆಮೇಲೆ ಚೀಲದ ಗಂಟು ಹಿಡಿದು, ಮೈಯಿಂದ ದೂರ ಚಾಚಿ ತೋರಿಸಿದೆ. ಒಳಗಿಂದ ಅದು ಬುಸ್ಸೆಂದಿತು. ಚೀಲ ತಾನೇ ಉಬ್ಬಿ ಹೊರಳಿತು.

ಜನ ಒಮ್ಮೆಲೇ ಬಾಗಿಲಿಗೆ ನುಗ್ಗಿದರು. ಆಮೇಲೆ ಭವನ ಖಾಲಿ. ಅಧ್ಯಕ್ಷರು ಎಲ್ಲರಿಗಿಂತ ಮೊದಲು ಹೊರಗಿದ್ದರು. ನಾಲ್ಕನೆಯ ಸಾಲಿನಲ್ಲಿ ಒಬ್ಬ ಅಜ್ಜ ಮಾತ್ರ, ಎರಡೂ ಕೈ ಮಂಡಿಯ ಮೇಲಿಟ್ಟು, ನೆಟ್ಟಗೆ ಕೂತೇ ಇದ್ದರು. ನಾನು ಚೀಲವನ್ನು ಮುಚ್ಚಳದ ಬಕೆಟ್ಟಿನಲ್ಲಿಟ್ಟು ಭದ್ರ ಮಾಡಿದ ಮೇಲೆ ಅಧ್ಯಕ್ಷರು ಬಾಗಿಲಲ್ಲಿ ಇಣುಕಿದರು. ಅಜ್ಜನನ್ನು ಕಂಡು ಅವರಿಗೆ ನಾಚಿಕೆಯಾಯಿತೋ ಏನೋ, ಒಳಗೆ ಬಂದು ನನಗೆಂದು ತಂದಿದ್ದ ಶಾಲನ್ನು ಅಜ್ಜನಿಗೇ ಹೊದಿಸಿದರು. "ನೋಡ್ರಿ, ಧೈರ್ಯ ಅಂದ್ರ ಇದು. ನಮ್ಮ ಹಿರ್ಯಾರು ಹಿಂಗಿದ್ರು" ಎಂದು ಹೊರಗಿನವರಿಗೆ ಕೇಳುವಂತೆ ಹೇಳಿದರು. ಜನ ಒಬ್ಬೊಬ್ಬರೇ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಅಜ್ಜ ಅಲುಗಾಡಲಿಲ್ಲ.

ನಾನು ಹತ್ತಿರ ಹೋಗಿ ಕೈಮುಗಿದೆ. "ಅಜ್ಜಾರ, ಊರಿಗೆ ಊರ ಓಡಿತು. ನಿಮಗೆ ಒಂದೀಟೂ ಅಂಜಿಕಿ ಆಗ್ಲಿಲ್ಲೇನ್ರಿ?"

ಅಜ್ಜ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು: "ನಾ ಆ ರಬ್ಬರ್ ಹಾವಿಗೇ ಎದ್ದಿದ್ದೆನೋ ತಮ್ಮಾ. ಧೋತ್ರದ ಚುಂಗು ಈ ಕುರ್ಚಿ ಸಂದ್ಯಾಗ ಸಿಕ್ಕೈತಿ. ಎದ್ರ ಧೋತ್ರ ಇಲ್ಲೇ ಉಳೀತೈತಿ. ಅದನ್ನ ಬಿಡಸು ಮೊದಲ, ನಂದಿನ್ನೂ ಓಡೋದು ಐತಿ."