ಹೂಸ್ಟನ್ ಅತ್ತೆಯ ತೋಟಾ

ನಮ್ಮ ಹೂಸ್ಟನ್ ಅತ್ತೆಯ ಹತ್ತಿರ ಬಂದೂಕಿದೆ ಎಂದು ಮದುವೆಗೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮದುವೆಯಾಗುತ್ತಿರಲಿಲ್ಲ ಅಂತಲ್ಲ. ಕಾಲಿಗೆ ಬೀಳುವಾಗ ಇನ್ನೂ ಸ್ವಲ್ಪ ಜಾಸ್ತಿ ಬಗ್ಗುತ್ತಿದ್ದೆ, ಅಷ್ಟೇ!

ಹೂಸ್ಟನ್ ಅತ್ತೆ ಎಂದರೆ ನನ್ನ ಗಂಡನ ಸೋದರತ್ತೆ. ಗಂಡನ ತಾಯಿ ಧಾರವಾಡದ ಅತ್ತೆ. ಇಬ್ಬರಲ್ಲಿ ಬಂದೂಕು ಇದ್ದದ್ದು ಒಬ್ಬರ ಹತ್ತಿರ ಮಾತ್ರ. ನನಗೆ ಹೆದರಿಕೆ ಇಬ್ಬರದೂ. ಹೂಸ್ಟನ್ ಅತ್ತೆ ಮದುವೆಯಾಗದೆ ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿ ಒಬ್ಬರೇ ಇದ್ದರು. ದೊಡ್ಡ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಇಪ್ಪತ್ತು ವರ್ಷದ ಕೆಲಸ. ಎಂಥ ಡಾಕ್ಟರು ಬರೆದ ಚೀಟಿ ಬಂದರೂ 'ಇದು ತಪ್ಪಿರಬೇಕು' ಅಂದುಕೊಂಡೇ ಓದುವುದು ಅವರ ಉದ್ಯೋಗ. ಒಳ್ಳೆಯದೇ. ಆದರೆ ಬಿಳಿ ಕೋಟನ್ನು ಗೂಟಕ್ಕೆ ನೇತುಹಾಕಿ ಬರುವ ಹಾಗೆ ಆ ಬುದ್ಧಿಯನ್ನೂ ಅಲ್ಲೇ ನೇತುಹಾಕಿ ಬರಬೇಕೋ ಬೇಡವೋ?

ಎರಡು ಸಾವಿರದ ಇಸವಿಯ ಮಾರ್ಚ್ ಅದು. ನನ್ನ ಗಂಡನನ್ನು ಕಂಪನಿಯವರು ಆರು ವಾರ ಆಸ್ಟಿನ್‌ಗೆ ಕಳಿಸಿದ್ದರು. ನಾನು ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು; ಕಾರು ಓಡಿಸಲು ಬಾರದು. ಯೂಲೆಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ವಿಮಾನ ಎಣಿಸುವುದಕ್ಕಿಂತ ಅತ್ತೆಯ ಮನೆಯಲ್ಲಿರು ಎಂದು ನನ್ನನ್ನು ಪೇರ್ಲ್ಯಾಂಡಿಗೆ ತಂದು ಬಿಟ್ಟ. ಬಾಗಿಲು ತೆರೆದ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ:

"ಪಾಸ್‌ಪೋರ್ಟಿನ್ಯಾಗೂ ಇದೇ ಹೆಸರು ಅದ ಏನವಾ?"

ಕೈ ತೊಳೆಯಲು ಹೋದರೆ ಬಚ್ಚಲಿನ ಟಬ್ಬಿನ ತುಂಬ ನೀರು. ಹೊಸ ವರ್ಷ ಹುಟ್ಟಿದ ಕ್ಷಣಕ್ಕೆ ಜಗತ್ತಿನ ಕಂಪ್ಯೂಟರೆಲ್ಲ ಕೆಟ್ಟು ನಲ್ಲಿ ನಿಂತುಹೋಗುತ್ತದೆ ಎಂದು ಜನ ಹೆದರಿದ್ದರಲ್ಲ, ಆಗ ತುಂಬಿಸಿಟ್ಟದ್ದು. "ಏನೂ ಆಗಲಿಲ್ಲವಲ್ಲ ಅತ್ತೆ?" ಎಂದೆ.

"ಇನ್ನೂ ಆಗಿಲ್ಲ," ಎಂದು ತಿದ್ದಿದರು.

ಅಂಗಡಿಯಿಂದ ತಂದ ಬೇಳೆಯನ್ನು ಮನೆಯಲ್ಲಿ ಮತ್ತೆ ತೂಗುವವರನ್ನು ನೀವು ನೋಡಿರಬಹುದು. ತೂಗಿದ ತಕ್ಕಡಿಯನ್ನೇ ಇನ್ನೊಂದು ತಕ್ಕಡಿಯ ಮೇಲಿಟ್ಟು ತೂಗುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ!

ಇಂಥವರು ನನ್ನನ್ನು ಅನುಮಾನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡೇ ದಿನದಲ್ಲಿ ನಾನು ಅವರನ್ನು ಅನುಮಾನಿಸತೊಡಗಿದ್ದು ಆಶ್ಚರ್ಯ. ಗ್ಯಾರೇಜಿನ ಪಕ್ಕ ಬೀಗ ಹಾಕಿದ ಒಂದು ಕೋಣೆಯಿತ್ತು. ಅದರೊಳಗಿಂದ ಇಡೀ ಮಧ್ಯಾಹ್ನ ಗರಗರ, ಗರಗರ. ನನಗೆ ಆನಂದವೋ ಆನಂದ: ಗ್ರೈಂಡರ್! ದೋಸೆ ಹಿಟ್ಟು! ಮರುದಿನ ಬೆಳಿಗ್ಗೆ ತಟ್ಟೆ ಹಿಡಿದು ಕೂತೆ. ಕಾರ್ನ್‌ಫ್ಲೇಕ್ಸ್ ಬಂತು. ಅದರ ಮರುದಿನವೂ ಗರಗರ, ಅದರ ಮರುದಿನವೂ ಕಾರ್ನ್‌ಫ್ಲೇಕ್ಸ್. ಹಾಗಾದರೆ ಒಳಗೆ ಅರೆಯುತ್ತಿರುವುದೇನು?

ಆಮೇಲೆ ಪಾರ್ಸೆಲ್ಲುಗಳು ಬರತೊಡಗಿದವು. ಸೋಪಿನ ಡಬ್ಬಿಯಷ್ಟು ಗಾತ್ರ, ರುಬ್ಬುಗುಂಡಿನಷ್ಟು ಭಾರ. ಅತ್ತೆ ಅವನ್ನು ಮಗುವಿನಂತೆ ಎದೆಗೊತ್ತಿಕೊಂಡು ಒಳಗೆ ಒಯ್ದು ಚಿಲಕ ಹಾಕಿಕೊಳ್ಳುತ್ತಿದ್ದರು. ಆಸ್ಟಿನ್‌ನಲ್ಲಿದ್ದ ಗಂಡನಿಗೆ ಫೋನ್ ಮಾಡಿ ಪಿಸುಗುಟ್ಟಿದೆ.

"ಅತ್ತೆ ಆ ರೂಮಲ್ಲಿ ಏನು ಮಾಡ್ತಾರೆ?"

"ಓ, ಅದಾ? ತೋಟಾ ಮಾಡ್ತಾಳ," ಎಂದ ಆರಾಮಾಗಿ.

"ತೋಟನಾ? ರೂಮೊಳಗೆ? ಕಿಟಕಿಗೆ ಕಪ್ಪು ಪರದೆ ಹಾಕಿದೆಯಲ್ಲ!"

"ಬಿಸಿಲು ಬೀಳಬಾರದು ಅದಕ್ಕ. ಮೀಟಿಂಗ್ ಅದ, ಇಡ್ತೀನಿ."

ನನ್ನ ಕಾಲಡಿಯ ಕಾರ್ಪೆಟ್ಟೇ ಕುಸಿಯಿತು. ಬಿಸಿಲು ತಾಗದ, ಬೀಗ ಹಾಕಿದ ಕೋಣೆಯಲ್ಲಿ ಬೆಳೆದು, ಒಣಗಿಸಿ, ಅರೆದು, ಸಣ್ಣ ತಕ್ಕಡಿಯಲ್ಲಿ ತೂಗುವ ಸೊಪ್ಪು ಯಾವುದು ಎಂದು ಗೊತ್ತಿಲ್ಲದಷ್ಟು ಮುಗ್ಧೆಯಲ್ಲ ನಾನು. ಟೆಕ್ಸಸ್ಸಿನ ಜೈಲಿನಲ್ಲಿ ಸಸ್ಯಾಹಾರ ಕೊಡುತ್ತಾರೋ ಇಲ್ಲವೋ! ರಾತ್ರಿ ಊಟಕ್ಕೆ ಅತ್ತೆ ಮೆಂತ್ಯದ ಪಲ್ಯ ಬಡಿಸಿದಾಗ ಅದನ್ನು ಮೂಸಿ ನೋಡಿದೆ.

"ಯಾಕವಾ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದರು. ಕೇಳುವವರು ಯಾರು ನೋಡಿ!

ಭಾನುವಾರ ಗಂಡ ಬಂದಾಗ ನಿಜ ಗೊತ್ತಾಯಿತು. ತೋಟ ಅಲ್ಲ, ತೋಟಾ. ಬಂದೂಕಿಗೆ ಹಾಕುವ ತೋಟಾ! ಹಿತ್ತಾಳೆಯ ಪುಟ್ಟ ಕೊಳವೆ, ಒಳಗೆ ಮದ್ದು, ಬಾಯಿಗೆ ಗುಂಡು. ಪಾರ್ಸೆಲ್ಲಿನ ಭಾರ ಸೀಸದ ಗುಂಡುಗಳದ್ದು, ಗರಗರ ಎನ್ನುತ್ತಿದ್ದದ್ದು ಒಮ್ಮೆ ಹಾರಿಸಿದ ಕೊಳವೆಗಳನ್ನು ಮತ್ತೆ ಹೊಳಪಿಸುವ ಯಂತ್ರ. ಗಾಂಜಾ ಅಲ್ಲ, ಬರೀ ಸಿಡಿಮದ್ದು ಎಂದು ತಿಳಿದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದು ಸಮಾಧಾನಪಡುವ ವಿಷಯವಲ್ಲ ಎಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು.

ಅತ್ತೆಗೆ ಈ ಹುಚ್ಚು ಹತ್ತಿದ್ದೂ ಅನುಮಾನದಿಂದಲೇ. ಆಸ್ಪತ್ರೆಯಲ್ಲಿ ಯಂತ್ರಗಳ ರಿಪೇರಿ ಮಾಡುತ್ತಿದ್ದ ಒಬ್ಬ ಟೆಕ್ಸಸ್ ಮುದುಕರು ಒಮ್ಮೆ ಇವರನ್ನು ಗುರಿಯಾಟ ನೋಡಲು ಕರೆದೊಯ್ದರಂತೆ. ಅಂಗಡಿಯಲ್ಲಿ ಕೊಂಡ ತೋಟಾ ಕೊಟ್ಟರಂತೆ. ಇವರು ಹಾರಿಸುವುದು ಬಿಟ್ಟು ಒಂದು ಡಬ್ಬಿ ಮನೆಗೆ ತಂದು, ಒಂದೊಂದನ್ನೇ ಬಿಚ್ಚಿ ತೂಗಿದರು. ಒಂದರ ಹಾಗೆ ಒಂದಿಲ್ಲ! "ಇದನ್ನ ಔಷಧ ಅಂತ ಕೊಟ್ಟಿದ್ರ ನನ್ನ ಲೈಸೆನ್ಸ್ ಹೋಗ್ತಿತ್ತು," ಎಂದು ಸಿಟ್ಟಾಗಿ, ಅಂದಿನಿಂದ ತಾವೇ ತಯಾರಿಸತೊಡಗಿದರು.

ಆಟವಾದರೂ ಎಂಥದ್ದು? ಓಡುವಂತಿಲ್ಲ, ಹಾರುವಂತಿಲ್ಲ. ಕಲ್ಲಿನ ಮೇಜಿನ ಮುಂದೆ ಕೂತು, ಮರಳಿನ ಚೀಲಗಳ ಮೇಲೆ ಬಂದೂಕು ಮಲಗಿಸಿ, ನೂರು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆಯಬೇಕು. ಐದೂ ಒಂದೇ ತೂತಿನಲ್ಲಿ ತೂರಿ ಹೋದರೆ ಭಲೇ. ಯಾರ ತೂತು ಚಿಕ್ಕದೋ ಅವರು ಗೆದ್ದರು.

"ಒಂದೇ ತೂತು ಬೇಕಾದರೆ ಒಂದೇ ಗುಂಡು ಹೊಡೆದರೆ ಆಯಿತಲ್ಲ ಅತ್ತೆ?"

"ಎಲ್ಲಾರಿಗೂ ನಿನ್ನಂಥಾ ಬುದ್ಧಿ ಬರ್ತದಂತನ ಹಿಂದೊಂದು ಕಾಗದದ ಪಟ್ಟಿ ಸರಕೋತ ಇರ್ತದ. ಮುಂದ ಒಂದು ತೂತಾದ್ರೂ ಹಿಂದ ಐದು ಬೀಳಬೇಕು. ಅಲ್ಲೆ ಯಾರೂ ಯಾರನ್ನೂ ನಂಬೂದಿಲ್ಲವಾ!" ಅತ್ತೆಯ ಮುಖದಲ್ಲಿ ತವರುಮನೆಯ ಸುದ್ದಿ ಹೇಳುವವರ ಹೊಳಪು.

ಅಷ್ಟರಲ್ಲಿ ಧಾರವಾಡದ ಅತ್ತೆಯ ಫೋನ್ ಬಂತು. ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ಯಾರೋ ನೋಡಿ, ಯಾರಿಗೋ ಹೇಳಿ, ಸುದ್ದಿ ಸಮುದ್ರ ದಾಟಿತ್ತು. "ನಮ್ಮ ನಾದಿನಿ ಶನಿವಾರಕ್ಕೊಮ್ಮೆ ಯಾರೋ ದೊಡ್ಡ ಟೊಪಿಗಿಯವನ ಜೋಡಿ ಕಾರಿನ್ಯಾಗ ಹೋಗ್ತಾಳಂತ. ಈ ವಯಸ್ಸಿನ್ಯಾಗ! ನೀ ಅಲ್ಲೇ ಇದ್ದೀ, ಒಂಚೂರು ನೋಡಿ ತಿಳಸು."

ಹೀಗೆ ನಾನು ಪತ್ತೇದಾರಿಣಿಯಾದೆ. ಮೊದಲ ಅವಕಾಶ ಗುರುವಾರವೇ ಸಿಕ್ಕಿತು. ಅತ್ತೆ ಕೋಣೆಯಲ್ಲಿದ್ದಾಗ ಆಸ್ಪತ್ರೆಯ ಪೇಜರ್ ಕೂಗಿತು. ಏನೋ ತುರ್ತು. ಕೋಟು ಹಾಕಿಕೊಳ್ಳುತ್ತಲೇ ಓಡಿದರು. ಕೋಣೆಯ ಬೀಗದಲ್ಲಿ ಬೀಗದಕೈ ಹಾಗೇ ನೇತಾಡುತ್ತಿತ್ತು!

ಒಳಗೆ ಹೋದೆ. ಪ್ರೇಮಪತ್ರವಿರಲಿ, ಒಂದು ಫೋಟೊ ಕೂಡ ಇಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿದ ಮರದ ಹಲಗೆ. ಬಟ್ಟೆ ಎತ್ತಿದೆ. ತೂತುಗಳಲ್ಲಿ ಸಾಲಾಗಿ ನಿಂತ ಹಿತ್ತಾಳೆ ಕೊಳವೆಗಳು. ಮದ್ದು ತುಂಬಿದೆ, ಗುಂಡು ಇನ್ನೂ ಕೂಡಿಸಿಲ್ಲ. ಎಷ್ಟು ಮುದ್ದಾಗಿದ್ದವು ಅಂತೀರಿ! ಕೊನೆಯ ಸಾಲಿನ ಎರಡನ್ನು ಎತ್ತಿಕೊಂಡೆ. ಹೊರಗೆ ಯಾವುದೋ ಕಾರಿನ ಸದ್ದು. ಸರಕ್ಕನೆ ಬಾಗಿಲ ಕಡೆ ತಿರುಗಿದೆ. ಎರಡೂ ಮೇಜಿನ ಮೇಲೆ ಉರುಳಿ ಮದ್ದೆಲ್ಲ ಚೆಲ್ಲಿತು.

ಆಗ ನಾನು ಏನು ಮಾಡಿದೆ? ಒಳ್ಳೆ ಮನೆತನದ ಹುಡುಗಿ ಮಾಡುವುದನ್ನೇ. ಒಂದು ಕಾಗದದಲ್ಲಿ ನೀಟಾಗಿ ಬಾಚಿ, ಇದಕ್ಕಿಷ್ಟು, ಅದಕ್ಕಿಷ್ಟು ಎಂದು ಮಕ್ಕಳಿಗೆ ಪಾಯಸ ಹಂಚುವ ಹಾಗೆ ಕಣ್ಣಳತೆಯಲ್ಲಿ ತುಂಬಿ, ಬಟ್ಟೆ ಮುಚ್ಚಿ, ಹೊರಗೆ ಬಂದೆ.

ಸಂಜೆ ಅತ್ತೆ ಬಂದವರು ಬೀಗದಕೈ ನೋಡಿ ನಿಂತರು. "ಒಳಗ ಹೋಗಿದ್ದೇನವಾ?"

"ಇಲ್ಲ ಅತ್ತೆ."

ಒಂದು ಕ್ಷಣ ನನ್ನ ಮುಖ ನೋಡಿದರು. "ಹೂಂ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೂರ್ಯ ಪೂರ್ವದಲ್ಲಿ ಹುಟ್ಟಿದ ಎಂದರೂ ದಿಕ್ಸೂಚಿ ತೆಗೆಯುವವರು ನನ್ನ ಮಾತಿಗೆ ಬೇಸ್ತು ಬಿದ್ದಿದ್ದರು! ನನ್ನ ಅಭಿನಯವನ್ನು ನಾನೇ ಮೆಚ್ಚಿಕೊಂಡೆ.

ಶನಿವಾರ ಆಸ್ಟಿನ್‌ನ ಹೊರಗಿನ ಮೈದಾನದಲ್ಲಿ ಪಂದ್ಯ. ಧಾರವಾಡದ ಆಜ್ಞೆ ನೆನೆದು ನಾನೂ ಬರುತ್ತೇನೆಂದೆ. ನಸುಕಿಗೇ ದೊಡ್ಡ ಟೋಪಿ ಹಾಕಿದ, ಆಸ್ಪತ್ರೆಯ ಯಂತ್ರ ರಿಪೇರಿಯ ಅದೇ ಮುದುಕರ ಕಾರು ಬಂತು. ಅದರಲ್ಲಿ ಅವರ ಹೆಂಡತಿಯೂ ಇದ್ದರು, ಸ್ವೆಟರ್ ಹೆಣೆಯುತ್ತಾ. ಮೂರು ಗಂಟೆಯ ದಾರಿಯಲ್ಲಿ ಟೋಪಿ ತಾತನೂ ಅತ್ತೆಯೂ ಆಡಿದ್ದು ಗಾಳಿಯ ಬಗ್ಗೆ ಮಾತ್ರ: ಎತ್ತಣಿಂದ ಬೀಸುತ್ತದೆ, ಎಷ್ಟು ನಂಬಬಹುದು. ಅತ್ತೆಯ ಪ್ರಕಾರ ಸ್ವಲ್ಪವೂ ನಂಬುವಂತಿಲ್ಲ. ಇದು ಪ್ರೇಮವಾದರೆ ಹವಾಮಾನ ವರದಿ ಓದುವವರೆಲ್ಲ ಪ್ರೇಮಿಗಳೇ!

ಐದು ಸುತ್ತಿನ ಪಂದ್ಯ. ಏಳು ವರ್ಷದಿಂದ ಅತ್ತೆ ಟೋಪಿ ತಾತನಿಗೆ ಸೋಲುತ್ತಿದ್ದರು. ಅವತ್ತು ನಾಲ್ಕು ಸುತ್ತು ಮುಗಿದಾಗ ಅತ್ತೆ ಮುಂದಿದ್ದರು, ಕೂದಲೆಳೆಯಷ್ಟು. ಕೊನೆಯ ಸುತ್ತಿಗೆ ಕೂತರು. ತಾತನ ಸರದಿ ಆಗಲೇ ಮುಗಿದಿತ್ತು. ಅವರು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಬಂದು ಕೂತರು. ಅವರ ಎಡಗಣ್ಣು ಅಲುಗುತ್ತಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು ನಕ್ಕರು.

"ಗಾಜಿಂದು ಮಗಳೇ. ಹುಡುಗನಾಗಿದ್ದಾಗ ಅವಸರದಲ್ಲಿ ತೋಟಾ ತುಂಬಿದೆ. ಒಂದರಲ್ಲಿ ಮದ್ದು ಜಾಸ್ತಿ ಆಗಿತ್ತು. ಬಂದೂಕೇ ಒಡೆದು ಮುಖಕ್ಕೆ ಬಂತು." ಆಮೇಲೆ ಅತ್ತೆಯ ಕಡೆ ಕೈ ತೋರಿಸಿದರು. "ಅವಳಿಗೆ ಹಾಗಾಗಲ್ಲ ಬಿಡು. ಅವಳು ಎಲ್ಲವನ್ನೂ ಎರಡು ಸಲ ತೂಗುತ್ತಾಳೆ."

ಕಣ್ಣಳತೆಯಲ್ಲಿ ನಾನು ಹಂಚಿದ ಪಾಯಸ ನೆನಪಾಯಿತು.

ಅತ್ತೆ ಮೊದಲ ಗುಂಡು ಹಾರಿಸಿದರು. ನಾನು ಎದ್ದೆ. ಎರಡನೆಯದು. "ಅತ್ತೆ! ನಿಲ್ಲಿಸಿ!" ಎಂದು ಕಿರುಚಿದೆ. ಕಿವಿಗೆಲ್ಲ ದಪ್ಪ ಮುಚ್ಚಳ; ಯಾರಿಗೆ ಕೇಳಬೇಕು? ಹಲಗೆಯಲ್ಲಿ ಇನ್ನು ಮೂರು ಉಳಿದಿದ್ದವು, ಕೊನೆಯ ಸಾಲಿನವು. ಚೂಡಿದಾರದ ದುಪ್ಪಟ್ಟಾ ಒಂದು ಕಡೆ, ಚಪ್ಪಲಿ ಒಂದು ಕಡೆ, ದಾಟಬಾರದ ಹಳದಿ ಗೆರೆ ದಾಟಿ ಓಡಿದೆ. ಪಂದ್ಯದ ಮೇಲ್ವಿಚಾರಕ ನನ್ನ ತೋಳು ಹಿಡಿದ. ನನಗೆ ಬಂದ ಇಂಗ್ಲಿಷೆಲ್ಲ ಹೋಗಿ ಒಂದೇ ಪದ ಉಳಿದಿತ್ತು: "ಸ್ಟಾಪ್! ಸ್ಟಾಪ್! ಸ್ಟಾಪ್!" ಆತ ಕೊಂಬು ಊದಿದ. ಇಪ್ಪತ್ತು ಬಂದೂಕು ಒಟ್ಟಿಗೆ ಸುಮ್ಮನಾದವು. ಇಪ್ಪತ್ತು ಮುಖ ನನ್ನ ಕಡೆ ತಿರುಗಿದವು, ಇವಳು ಎಲ್ಲಿಂದ ಬಂದ ಹುಚ್ಚಿ ಎಂಬ ಅನುಮಾನದಲ್ಲಿ.

ಅತ್ತೆ ಕಿವಿಮುಚ್ಚಳ ತೆಗೆದರು. ಎಲ್ಲರೆದುರು ಅಳುತ್ತಾ ಹೇಳಿದೆ. ಬೀಗದಕೈ, ಚೆಲ್ಲಿದ್ದು, ಬಾಚಿದ್ದು, ಕಣ್ಣಳತೆ. ಕನ್ನಡದಲ್ಲಿ ಹೇಳಿದ್ದರಿಂದ ಅರ್ಥವಾದದ್ದು ಅವರೊಬ್ಬರಿಗೇ.

ಅವರು ಬಂದೂಕಿನಲ್ಲಿ ಆಗಲೇ ತೂರಿಸಿದ್ದ ಮೂರನೆಯ ತೋಟಾ ಹೊರಗೆಳೆದರು. ಉಳಿದೆರಡರ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದರು. ಮೇಲ್ವಿಚಾರಕನಿಗೆ, "ನಾನು ಮುಗಿಸುವುದಿಲ್ಲ," ಎಂದಷ್ಟೇ ಹೇಳಿ ಎದ್ದರು. ಟೋಪಿ ತಾತ ಎಂಟನೇ ವರ್ಷವೂ ಗೆದ್ದರು. ಕಪ್ ತೆಗೆದುಕೊಳ್ಳುವಾಗ ಯಾರಿಂದಲೋ ಬೈಸಿಕೊಂಡವರ ಹಾಗೆ ನಿಂತಿದ್ದರು.

ಮರದಡಿ ಕೂತ ಅತ್ತೆಯ ಬಳಿ ಹೋದೆ. "ಎಲ್ಲವನ್ನೂ ಎರಡು ಸಲ ತೂಗ್ತೀರಲ್ಲ ಅತ್ತೆ. ಅವತ್ತು ಯಾಕೆ ಮತ್ತೆ ತೂಗಲಿಲ್ಲ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ನೀ ಇಲ್ಲ ಅಂದೀ ಅಲ್ಲಾ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮತ್ತೆ ಅಳು ಬಂತು. "ಸಾಕವಾ, ಸುಮ್ಮನಾಗು. ಮಂದಿ ನೋಡ್ಲಿಕತ್ತಾರ, ನಾನ ಹೊಡದೀನಿ ಅನ್ಕೋತಾರ," ಎಂದು ಬಂದೂಕು ಒರೆಸುವ ಬಟ್ಟೆಯನ್ನೇ ಕೊಟ್ಟರು. ಮುಖವೆಲ್ಲ ಎಣ್ಣೆಯಾಯಿತು.

ಮರುದಿನ ಮಧ್ಯಾಹ್ನ ನಾನು ಬ್ಯಾಗು ಕಟ್ಟುತ್ತಿದ್ದೆ. ಇನ್ನು ಈ ಮನೆಯಲ್ಲಿ ನನಗೆ ಜಾಗವೆಲ್ಲಿ? ಅತ್ತೆ ಬಾಗಿಲಲ್ಲಿ ಬಂದು, "ಇಲ್ಲಿ ಬಾ," ಎಂದು ಕೋಣೆಗೆ ಕರೆದರು. ಮೇಜಿನ ಮುಂದೆ ಎರಡು ಕುರ್ಚಿ ಹಾಕಿದ್ದರು. ಮೂರು ತೋಟಾಗಳನ್ನು ಬಿಚ್ಚಿ ತೂಗಿಯಾಗಿತ್ತು. ಒಂದರಲ್ಲಿ ಮದ್ದು ಬಹಳ ಜಾಸ್ತಿ ಇತ್ತು. ಬಂದೂಕಿನಿಂದ ಹೊರಗೆಳೆದದ್ದು ಅದೇನಾ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

"ಆಸ್ಪತ್ರಿಯೊಳಗ ನಾ ತೂಗಿದ್ದು ಇನ್ನೊಬ್ಬರು ನೋಡ್ತಾರ. ಅವರು ತೂಗಿದ್ದು ನಾ ನೋಡ್ತೀನಿ. ಅದು ರೂಲು," ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. "ಮನ್ಯಾಗ ನನ್ನ ತಪ್ಪು ನೋಡಾಕ ಯಾರೂ ಇದ್ದಿಲ್ಲವಾ. ಅದಕ್ಕ ಒಬ್ಬಾಕಿನ ಎರಡೆರಡು ಸರ್ತೆ ತೂಗತಿದ್ದೆ."

ಖಾಲಿ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

ಕೂತೆ. ಅವರು ಚಿಟಿಕೆ ಮದ್ದನ್ನು ತಟ್ಟೆಗೆ ಹಾಕಿ, ಕೈ ಹಿಂದಕ್ಕೆ ತೆಗೆದುಕೊಂಡು, ನನ್ನ ಮುಖ ನೋಡುತ್ತಾ ಕಾದರು. ನನ್ನ ಉಸಿರಿಗೆ ಮುಳ್ಳು ಅಲುಗದಿರಲೆಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ನಾನು ತಕ್ಕಡಿಯ ಕಡೆ ಬಗ್ಗಿದೆ.