ಅಕ್ಕನ ಆನ್‌ಲೈನ್ ನೋಟರಿಗಿರಿ

ನಮ್ಮ ಅಕ್ಕ ಗುರುತಿನ ಚೀಟಿ ನೋಡದೆ ಸ್ವಂತ ಗಂಡನನ್ನೂ ಮನೆಯೊಳಗೆ ಬಿಡುವುದಿಲ್ಲ ಎಂದರೆ ನಂಬುತ್ತೀರಾ? ನಂಬಬೇಡಿ. ನೋಡಿದ ಮೇಲೂ ಬಿಡುವುದಿಲ್ಲ!

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಅವರು ಹಾಸನದವರು, ನಾನು ಬೆಂಗಳೂರಿನವನು. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನ ಒಂದೇ ಕಟ್ಟಡದಲ್ಲಿ ನಮ್ಮದು ಎದುರುಬದುರು ಬಾಗಿಲು. ನಾನು ಆಫೀಸಿನಲ್ಲಿ ಸಿಕ್ಕಿಬಿದ್ದ ದಿನಗಳಲ್ಲಿ ಮಗಳನ್ನು ಡಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಕರೆತಂದು ಅನ್ನ ಕಲಸಿ ತಿನ್ನಿಸಿದವರು ಅವರೇ. ಮೈಸೂರಿನಲ್ಲಿ ಕಾನೂನು ಓದಿ, ಇಲ್ಲಿ ಅದನ್ನೇ ಸ್ವೀಡಿಷ್‌ನಲ್ಲಿ ಮತ್ತೆ ಓದಿ, ಐವತ್ತು ದಾಟಿದ ಮೇಲೆ ಮನೆಯಿಂದಲೇ ವಿಡಿಯೋದಲ್ಲಿ ಜನರ ಸಹಿಗೆ ಸಾಕ್ಷಿಯಾಗುವ ನೋಟರಿ ಆಗಲು ಹೊರಟರು.

ತರಬೇತಿ ಶುರುವಾದದ್ದೇ ತಡ, ನಮಗೆಲ್ಲ ಶನಿ ಹಿಡಿಯಿತು. ಫೀಕಾಗೆ, ಅಂದರೆ ಇಲ್ಲಿಯ ಕಾಫಿ-ತಿಂಡಿಗೆ, ಕರೆದು ಕೋಡುಬಳೆ ಕೊಟ್ಟು, "ಯಾರ ಒತ್ತಾಯಾನೂ ಇಲ್ದೆ ತಿಂತಿದೀಯ ತಾನೆ?" ಎಂದು ಕೇಳುವುದು. ಅವರ ಯಜಮಾನರು ಕೀಲಿ ಮರೆತು ಬೀದಿ ಬಾಗಿಲಿನಿಂದ ವಿಡಿಯೋ ಕಾಲ್ ಮಾಡಿದರೆ, "ಟೋಪಿ ತೆಗೀರಿ, ಮುಖ ಪೂರ್ತಿ ಕಾಣ್ಬೇಕು" ಎನ್ನುವುದು. ಹೊರಗೆ ಮೈನಸ್ ಹನ್ನೆರಡು!

ಅಷ್ಟರಲ್ಲಿ ನಮ್ಮ ಅತ್ತೆ ಬೆಂಗಳೂರಿನಲ್ಲಿ ಆಸ್ಪತ್ರೆ ಸೇರಿದರು. ಹೆಂಡತಿ ಮೊದಲೇ ಅಲ್ಲಿಗೆ ಹೋಗಿದ್ದಳು. ಅಜ್ಜಿ ಮೊಮ್ಮಗಳನ್ನು ನೋಡಬೇಕೆಂದು ಹಂಬಲಿಸುತ್ತಿದ್ದರು. ಸ್ನೇಹಿತರೊಬ್ಬರ ಸಂಸಾರ ಸ್ಟಾಕ್‌ಹೋಮ್‌ನಿಂದ ಹೊರಟಿತ್ತು, ಅವರ ಜೊತೆ ಮಗಳನ್ನು ಕಳಿಸುವುದೆಂದಾಯಿತು. ಸ್ಟಾಕ್‌ಹೋಮ್‌ಗೆ ಮೂರಕ್ಕೆ ಟ್ರೈನು. ತಂದೆಯ ಒಪ್ಪಿಗೆ ಪತ್ರಕ್ಕೆ ನೋಟರಿ ಬೇಕೆಂದು ತಿಳಿದಾಗ ಎರಡು ಗಂಟೆ! ಆನ್‌ಲೈನ್ ನೋಟರಿಗೆ ಅರ್ಜಿ ಹಾಕಿದೆ. ಪರದೆ ತೆರೆಯಿತು.

ಅಕ್ಕ! ಮೂಲೆಯ ಪುಟ್ಟ ಚೌಕದಲ್ಲಿ ಅವರ ಮೇಲ್ವಿಚಾರಕಿ. ಅದು ಅಕ್ಕನ ಕೊನೆಯ ಪರೀಕ್ಷೆಯ ಕೇಸು. ಮುಗಿಸಿದರೆ ಕೆಲಸ, ಇಲ್ಲದಿದ್ದರೆ ತರಬೇತಿ ಮೊದಲಿನಿಂದ.

"ನಿಮ್ಮ ಹೆಸರು?" ಎಂದು ಸ್ವೀಡಿಷ್‌ನಲ್ಲಿ ಕೇಳಿದರು, ನನ್ನನ್ನು ಎಂದೂ ಕಂಡಿಲ್ಲದವರಂತೆ. ಮುಖ ಎಡಕ್ಕೆ, ಬಲಕ್ಕೆ. ಪಾಸ್‌ಪೋರ್ಟ್ ಹತ್ತಿರ, ಇನ್ನೂ ಹತ್ತಿರ. ಗಂಟೆ ಎರಡೂ ಇಪ್ಪತ್ತು. ಸಹಿಗೆ ಮುಂಚೆ ಒಂದೇ ಪ್ರಶ್ನೆ ಉಳಿದಿತ್ತು: ಅರ್ಜಿದಾರರು ನೋಟರಿಯ ಸಂಬಂಧಿಕರೇ? ಹೌದಾದರೆ ಕೇಸು ಬೇರೆ ನೋಟರಿಗೆ ಹೋಗುತ್ತದೆ.

ಅಕ್ಕನ ಕೈ ನಿಂತಿತು.

"ಇಲ್ಲ ಅಂತ ಒತ್ತಿ ಅಕ್ಕ. ಟ್ರೈನ್ ಹೋಗ್ಬಿಡತ್ತೆ" ಎಂದೆ ಕನ್ನಡದಲ್ಲಿ.

"ನಿನ್ ಮಗಳು ನನ್ನ ಏನಂತ ಕರೀತಾಳೋ?"

"ಅತ್ತೆ ಅಂತ. ಆದ್ರೆ ಕಾಗದದಲ್ಲಿ ನಾವೇನೂ ಅಲ್ವಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ 'ಹೌದು' ಒತ್ತಿದರು. ಪರದೆ ಖಾಲಿಯಾಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಗಡಿಯಾರ ನೋಡುತ್ತ ಶಪಿಸಿದೆ. ಎಂಟು ನಿಮಿಷದ ಮೇಲೆ ಇನ್ನೊಬ್ಬ ನೋಟರಿ ಬಂದ, ಸಹಿ ಮುಗಿಯಿತು. ಮಗಳನ್ನೂ ಚೀಲವನ್ನೂ ಎಳೆದುಕೊಂಡು ಹೊರಗೆ ಬಂದರೆ, ಎದುರು ಬಾಗಿಲಲ್ಲಿ ಕೋಡುಬಳೆ ಡಬ್ಬಿ ಹಿಡಿದು ಅಕ್ಕ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ಕೆಲಸ ಹೋಯ್ತಲ್ಲ ಅಕ್ಕ."

"ಆಗಸ್ಟ್‌ಗೆ ಮತ್ತೆ ಸೇರ್ತೀನಿ ಬಿಡೋ. ಅಲ್ಲಿ ಇಲ್ಲ ಅಂತ ಒತ್ತಿ, ಇಲ್ಲಿ ಇವಳ ಮುಖ ಹೆಂಗೆ ನೋಡ್ಲಿ?"

ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಯಿತು. ಮಗಳು ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು. ಮುಖ ಕಾಣುತ್ತಲೇ ಇರಲಿಲ್ಲ. ಅಕ್ಕ ಏನನ್ನೂ ಕೇಳದೆ ಅವಳನ್ನು ಎತ್ತಿ ಅಪ್ಪಿಕೊಂಡರು.